ನಾದಬೇಡಿ, ಕಾಯಬೇಡಿ: ಯೀಸ್ಟ್ ಇಲ್ಲದೆ ಮನೆಯಲ್ಲೇ ಬ್ರೆಡ್ಡು

(ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ, ಒಂದು ಪುಟ್ಟ ಓವನ್ ಪಕ್ಕದಲ್ಲಿ ಇಟ್ಟುಕೊಂಡು ಆಡಿದ ಮಾತುಗಳ ಬರಹ ರೂಪ.)

ಮಾತು ಶುರು ಮಾಡುವ ಮೊದಲು ಹಿಟ್ಟು ಕಲಸಿ ಓವನ್ನಿಗೆ ಇಟ್ಟುಬಿಡುತ್ತೇನೆ. ಮಾತು ಮುಗಿಯುವ ಹೊತ್ತಿಗೆ ಬ್ರೆಡ್ಡು ಬೆಂದಿರಬೇಕು. ಮುಂದಿನ ಸಾಲಿನವರು ಸ್ವಲ್ಪ ಹತ್ತಿರ ಬನ್ನಿ. ನನ್ನ ಕೈ ನಿಮಗೆ ಕಾಣಬೇಕು, ಯಾಕೆಂದರೆ ಇವತ್ತಿನ ಪಾಠ ಇರುವುದೇ ಕೈಯಲ್ಲಿ.

ಈ ಪಾತ್ರೆಯಲ್ಲಿ 200 ಗ್ರಾಂ ಮೈದಾ, 100 ಗ್ರಾಂ ಗೋಧಿ ಹಿಟ್ಟು ಇದೆ. ಮನೆಯಲ್ಲಿ ಚಪಾತಿಗೆ ಬಳಸುವ ಅದೇ ಹಿಟ್ಟು. ಅದಕ್ಕೆ ಅರ್ಧ ಟೀ ಚಮಚ ಅಡುಗೆ ಸೋಡಾ, ಮೇಲೊಂದು ಚಿಟಿಕೆ. ಮುಕ್ಕಾಲು ಚಮಚ ಉಪ್ಪು. ಎಲ್ಲ ಸೇರಿಸಿ ಎರಡು ಸಲ ಜರಡಿ ಹಿಡಿದೆ. ಜರಡಿಯಲ್ಲಿ ಉಳಿದ ತವುಡನ್ನೂ ಎಸೆಯದೆ ಹಿಟ್ಟಿಗೇ ಹಾಕಿದೆ. ಇನ್ನೊಂದು ಪಾತ್ರೆಯಲ್ಲಿ ಎರಡು ದಿನದ ಹುಳಿ ಮೊಸರು ಇದೆ, 180 ಮಿ.ಲೀ. ಅದಕ್ಕೆ 60 ಮಿ.ಲೀ. ನೀರು ಹಾಕಿ ಕಡೆದಿದ್ದೇನೆ.

ಈಗ ನೋಡಿ. ಹಿಟ್ಟಿನ ನಡುವೆ ಗುಂಡಿ ಮಾಡಿ ಮೊಸರನ್ನು ಒಮ್ಮೆಗೇ ಸುರಿದೆ. ಬೆರಳು ಅಗಲಿಸಿ, ಬಿಗಿಯಾಗಿ ಹಿಡಿದು, ಪಾತ್ರೆಯ ಒಳಗೆ ಸುತ್ತ ತಿರುಗಿಸುತ್ತಿದ್ದೇನೆ. ಹಿಸುಕುತ್ತಿಲ್ಲ, ಮಡಚುತ್ತಿಲ್ಲ, ಸುಮ್ನೆ ತಿರುಗಿಸುತ್ತಿದ್ದೇನೆ. ಒಂದು, ಎರಡು, ಮೂರು... ಹತ್ತು ಹನ್ನೆರಡು ಸುತ್ತು ಆಯಿತು. ಒಣ ಹಿಟ್ಟು ಕಾಣುತ್ತಿಲ್ಲ. ಮುದ್ದೆ ಉಬ್ಬುತಗ್ಗಾಗಿದೆ, ಕೈಗೆ ಅಂಟುತ್ತಿದೆ. ಇಷ್ಟೇ. ಇಲ್ಲಿಗೆ ನಿಲ್ಲಿಸಬೇಕು. ತಟ್ಟೆಯ ಮೇಲೆ ಸ್ವಲ್ಪ ಹಿಟ್ಟು ಉದುರಿಸಿ, ಉಂಡೆಯನ್ನು ಇಳಿಸಿ, ಎರಡು ಬೆರಳು ದಪ್ಪಕ್ಕೆ ಮೆಲ್ಲಗೆ ತಟ್ಟಿದೆ. ಚಾಕುವಿನಿಂದ ಮೇಲೆ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ಗೀರು, ಅರ್ಧ ಆಳಕ್ಕೆ. ಓವನ್ನನ್ನು ಮೊದಲೇ 200 ಡಿಗ್ರಿಗೆ ಕಾಯಿಸಿಟ್ಟಿದ್ದೆ. ಒಳಗೆ ಇಟ್ಟೆ, ಬಾಗಿಲು ಹಾಕಿದೆ.

ಗಡಿಯಾರ ನೋಡಿಕೊಳ್ಳಿ. ಹತ್ತು ಗಂಟೆ ಹನ್ನೆರಡು ನಿಮಿಷ.

ಬ್ರೆಡ್ಡು ಅಂದರೆ ಬೇಕರಿಯದ್ದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ರೊಟ್ಟಿ, ಚಪಾತಿ, ಇಡ್ಲಿ, ದೋಸೆ ಮನೆಯದ್ದು. ಬ್ರೆಡ್ಡು, ಬನ್ನು ಹೊರಗಿನದ್ದು. ಇದಕ್ಕೆ ಕಾರಣ ಯೀಸ್ಟು ಅಂತ ನನಗನಿಸುತ್ತದೆ. ಯೀಸ್ಟು ಜೀವ ಇರುವ ವಸ್ತು. ಅದಕ್ಕೆ ಬೆಚ್ಚಗಿನ ನೀರು ಬೇಕು, ಸಕ್ಕರೆ ಬೇಕು, ಒಂದೆರಡು ತಾಸು ಸಮಯ ಬೇಕು. ನೀರು ಜಾಸ್ತಿ ಬಿಸಿಯಾದರೆ ಸಾಯುತ್ತದೆ, ತಣ್ಣಗಿದ್ದರೆ ಮಲಗುತ್ತದೆ. ಮೊದಲ ಸಲ ಮಾಡುವವರಿಗೆ ಹೆದರಿಕೆ ಆಗುವುದು ಸಹಜ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಎಷ್ಟೋ ದೇಶಗಳಲ್ಲಿ ಅಂಗಡಿಯಲ್ಲಿ ಯೀಸ್ಟೇ ಸಿಗದೆ ಹೋಯಿತು. ಆಗ ಜನ ಹಿಡಿದದ್ದು ಸೋಡಾ ಡಬ್ಬಿಯನ್ನು. ಬಾಳೆಹಣ್ಣಿನ ಬ್ರೆಡ್ಡು ಮನೆಮನೆಯಲ್ಲಿ ಬೆಂದದ್ದು ಆಗಲೇ.

ಯೀಸ್ಟ್ ಇಲ್ಲದೆ, ಸೋಡಾ ಅಥವಾ ಬೇಕಿಂಗ್ ಪೌಡರ್ ಹಾಕಿ, ಕಲಸಿದ ಕೂಡಲೇ ಬೇಯಿಸುವ ಬ್ರೆಡ್ಡಿಗೆ ಕ್ವಿಕ್ ಬ್ರೆಡ್ ಅಂತ ಹೆಸರು. ಹೆಸರು ಹೊಸದು ಅನಿಸಬಹುದು. ಆದರೆ ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಇದನ್ನು ಈಗಾಗಲೇ ಮಾಡಿದ್ದೀರಿ. ರವೆ ಇಡ್ಲಿ ಮಾಡಿದ್ದೀರಿ, ಅಲ್ವಾ? ಅದೇ ಇದು.

ಯೋಚನೆ ಮಾಡಿ. ಅಕ್ಕಿ ಉದ್ದಿನ ಇಡ್ಲಿಗೆ ಹಿಂದಿನ ದಿನವೇ ನೆನೆಹಾಕಿ, ರುಬ್ಬಿ, ರಾತ್ರಿಯಿಡೀ ಹುದುಗಲು ಬಿಡುತ್ತೇವೆ. ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ನಿಧಾನವಾಗಿ ಗಾಳಿ ತುಂಬುತ್ತವೆ. ಯೀಸ್ಟ್ ಬ್ರೆಡ್ಡಿನ ದಾರಿಯೂ ಅದೇ. ರವೆ ಇಡ್ಲಿಗೆ ಆ ಕಾಯುವಿಕೆ ಇಲ್ಲ. ಹುರಿದ ರವೆ, ಹುಳಿ ಮೊಸರು, ಕೊನೆಗೆ ಸೋಡಾ, ತಕ್ಷಣ ತಟ್ಟೆಗೆ, ತಕ್ಷಣ ಹಬೆಗೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ಹಾಗೆ ಹುಟ್ಟಿದ್ದು ಇದು ಅಂತ ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ಹೇಳುತ್ತಾರೆ. ರವೆ ಗೋಧಿಯದ್ದೇ. ಗೋಧಿ, ಹುಳಿ, ಸೋಡಾ. ಹಬೆಯ ಬದಲು ಒಣ ಕಾವು ಕೊಟ್ಟರೆ ಬ್ರೆಡ್ಡಿನ ದಾರಿಗೆ ಬಂದಿರಿ ಅಂತಲೇ ಲೆಕ್ಕ.

ಒಳಗೆ ಏನಾಗುತ್ತದೆ ಅಂತ ಈ ಲೋಟದಲ್ಲಿ ತೋರಿಸುತ್ತೇನೆ. ಇದರಲ್ಲಿ ಮಜ್ಜಿಗೆ ಇದೆ. ಅರ್ಧ ಚಮಚ ಸೋಡಾ ಹಾಕಿದೆ. ನೋಡಿ, ಹೇಗೆ ಏಳುತ್ತಿದೆ! ನೊರೆ ಲೋಟದ ಅಂಚಿಗೆ ಬಂತು. ಹಿಂದೆ ಇರುವವರಿಗೆ ಸದ್ದು ಕೇಳದಿರಬಹುದು, ಹತ್ತಿರ ಕಿವಿ ಇಟ್ಟರೆ ಸಣ್ಣಗೆ ಚುರುಚುರು ಅನ್ನುತ್ತದೆ. ಸೋಡಾ ಕ್ಷಾರ. ಮಜ್ಜಿಗೆಯಲ್ಲಿ ಹುಳಿ ಇದೆ, ಲ್ಯಾಕ್ಟಿಕ್ ಆಮ್ಲ. ಎರಡೂ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ. ಯೀಸ್ಟು ತಾಸುಗಟ್ಟಲೆ ಉಸಿರಾಡಿ ಕೊಡುವ ಗಾಳಿಯೂ ಇದೇ. ಸೋಡಾ ಅದನ್ನು ಕ್ಷಣದಲ್ಲಿ ಕೊಡುತ್ತದೆ.

ಲೋಟವನ್ನು ಇಲ್ಲೇ ಮೇಜಿನ ಮೇಲೆ ಇಡುತ್ತೇನೆ. ಐದು ನಿಮಿಷ ಬಿಟ್ಟು ಮತ್ತೆ ನೋಡೋಣ.

ಈ ಬಗೆಯ ಬ್ರೆಡ್ಡಿಗೆ ಹೆಸರಾದ ನಾಡು ಐರ್ಲೆಂಡ್. ಇವತ್ತು ನಾನು ಕಲಸಿದ್ದು ಅವರ ಸೋಡಾ ಬ್ರೆಡ್ಡಿನ ಅಳತೆಯನ್ನೇ ನಮ್ಮ ಹಿಟ್ಟಿಗೆ ಹೊಂದಿಸಿಕೊಂಡದ್ದು. ಹಳೆಯ ಕ್ರಮದಲ್ಲಿ ನಾಲ್ಕೇ ಸಾಮಾನು: ಹಿಟ್ಟು, ಸೋಡಾ, ಉಪ್ಪು, ಮಜ್ಜಿಗೆ. ಸಕ್ಕರೆ, ಬೆಣ್ಣೆ, ಮೊಟ್ಟೆ, ದ್ರಾಕ್ಷಿ ಎಲ್ಲ ಆಮೇಲೆ ಸೇರಿದ ಅಲಂಕಾರ.

ಅಲ್ಲೇ ಯಾಕೆ ಇದು ಬೇರು ಬಿಟ್ಟಿತು ಅಂತ ನೋಡಿದರೆ ಬಹಳ ಚೆಂದದ ಲೆಕ್ಕ ಸಿಗುತ್ತದೆ. ಅದು ತೇವದ ನಾಡು, ಮಳೆ ಜಾಸ್ತಿ. ಅಲ್ಲಿ ಬೆಳೆಯುವ ಗೋಧಿ ಮೆದು, ಅದರಲ್ಲಿ ಅಂಟು ಕಮ್ಮಿ. ಯೀಸ್ಟ್ ಬ್ರೆಡ್ಡಿಗೆ ಗಟ್ಟಿ ಅಂಟು ಬೇಕು, ಅದು ರಬ್ಬರಿನ ಹಾಗೆ ಹಿಗ್ಗಿ ತಾಸುಗಟ್ಟಲೆ ಗಾಳಿ ಹಿಡಿದಿಡಬೇಕು. ಮೆದು ಗೋಧಿಗೆ ಅದು ಆಗದು. ಸೋಡಾ ಬ್ರೆಡ್ಡಿಗೆ ಆ ಹಿಡಿತ ಬೇಡ, ಗಾಳಿ ಹುಟ್ಟಿದ ಕೂಡಲೇ ಕಾವು ಬಂದು ಹಿಟ್ಟು ಗಟ್ಟಿಯಾಗಿಬಿಡುತ್ತದೆ. ಇನ್ನು ಮಜ್ಜಿಗೆ. ಬೆಣ್ಣೆ ತೆಗೆಯುವ ರೈತರ ಮನೆಯಲ್ಲಿ ಮಜ್ಜಿಗೆಗೆ ಬರವೇ? 1830ರ ದಶಕದ ಹೊತ್ತಿಗೆ ಅಡುಗೆ ಸೋಡಾ ಅಲ್ಲಿಗೆ ಬಂತು. ಗೋಧಿ, ಮಜ್ಜಿಗೆ, ಸೋಡಾ ಮೂರೂ ಒಂದೇ ಒಲೆಯ ಮುಂದೆ ಸೇರಿದವು.

ಒಲೆ ಅಂದೆ. ಬಡವರ ಮನೆಯಲ್ಲಿ ಓವನ್ ಎಲ್ಲಿತ್ತು? ಅವರ ಒಲೆಗೆ ಸೌದೆಗಿಂತ ಜಾಸ್ತಿ ಬಳಕೆಯಾದದ್ದು ಪೀಟ್. ಜೌಗು ನೆಲದಿಂದ ಇಟ್ಟಿಗೆಯ ಹಾಗೆ ಕಡಿದು ಒಣಗಿಸಿದ ಮಣ್ಣಿನಂಥ ಉರುವಲು ಅದು. ಮೂರು ಕಾಲಿನ ಬೀಡು ಕಬ್ಬಿಣದ ಪಾತ್ರೆ, ಅವರ ಬಾಯಲ್ಲಿ ಬಾಸ್ಟಿಬಲ್. ಪಾತ್ರೆಯ ಒಳಗೆ ಹಿಟ್ಟಿನ ಉಂಡೆ ಇಟ್ಟು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಮೇಲೂ ಕೆಳಗೂ ಸಮ ಕಾವು. ನಮ್ಮಲ್ಲಿ ದಮ್ ಬಿರಿಯಾನಿಗೆ ಮುಚ್ಚಳದ ಮೇಲೆ ಕೆಂಡ ಸುರಿಯುವುದನ್ನು ನೋಡಿದ್ದೀರಲ್ಲ, ಅದೇ ಬುದ್ಧಿ. ಐರ್ಲೆಂಡಿನ ಉತ್ತರ ಭಾಗದಲ್ಲಿ ಪಾತ್ರೆಯೂ ಇಲ್ಲ, ಹೆಂಚು. ಹಿಟ್ಟನ್ನು ದುಂಡಗೆ ತಟ್ಟಿ, ನಾಲ್ಕು ಕಾಲು ಮಾಡಿ ಕತ್ತರಿಸಿ, ಹೆಂಚಿನ ಮೇಲೆ ಎರಡೂ ಬದಿ ಬೇಯಿಸುತ್ತಾರೆ. ಆ ಒಂದೊಂದು ಕಾಲು ಭಾಗಕ್ಕೆ ಫಾರ್ಲ್ ಅನ್ನುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಓವನ್ ಇಲ್ಲದವರಿಗೆ ಆಮೇಲೆ ಬೇಕು.

ಮೇಲೆ ಅಡ್ಡಡ್ಡ ಗೀರು ಹಾಕಿದೆನಲ್ಲ. ಅದು ಶಿಲುಬೆ, ಬ್ರೆಡ್ಡಿಗೆ ಹರಸುವುದು ಅಂತ ಅಲ್ಲಿನ ಹಿರಿಯರು ಹೇಳುತ್ತಿದ್ದರು. ಹಿಟ್ಟಿನೊಳಗಿನ ಯಕ್ಷಿಣಿಯರು ಹೊರಗೆ ಹೋಗಲಿ ಅಂತಲೂ ಹೇಳುವುದುಂಟು. ಗೀರಿನಿಂದ ಇನ್ನೂ ಒಂದು ಕೆಲಸ ಆಗುತ್ತದೆ. ನಡುವಿನ ದಪ್ಪ ಭಾಗಕ್ಕೆ ಕಾವು ಬೇಗ ಇಳಿಯುತ್ತದೆ, ಬೆಂದ ಮೇಲೆ ನಾಲ್ಕಾಗಿ ಮುರಿಯಲು ಸುಲಭ.

ಈಗ ಲೋಟ ನೋಡಿ. ನೊರೆ ಕೂತುಹೋಗಿದೆ. ಕಲಕಿದರೂ ಮೊದಲಿನ ಹಾಗೆ ಏಳುತ್ತಿಲ್ಲ. ಹಿಟ್ಟು ಕಲಸಿಟ್ಟು ಫೋನ್ ಎತ್ತಿಕೊಂಡು ಮಾತಿಗೆ ನಿಂತರೆ ಆಗುವುದು ಇದೇ. ಗಾಳಿ ಹಿಟ್ಟಿನಿಂದ ಹೊರಗೆ ಹೋಗಿಬಿಡುತ್ತದೆ. ಓವನ್ನಿಗೆ ಹೋಗುವುದು ಬರೀ ಹಿಟ್ಟಿನ ಮುದ್ದೆ. ಆದ್ದರಿಂದ ಮೊದಲು ಓವನ್ ಕಾಯಿಸಿ, ತಟ್ಟೆ ಸಿದ್ಧ ಮಾಡಿ, ಆಮೇಲೆ ಒದ್ದೆ ಒಣ ಸೇರಿಸಿ.

ಇಲ್ಲೊಂದು ಗೊಂದಲ ಬಿಡಿಸಬೇಕು. ಹೊರದೇಶದ ಪಾಕವಿಧಾನ ಓದಿ ನಮ್ಮವರು ಮೋಸ ಹೋಗುವುದು ಮಜ್ಜಿಗೆ ಅನ್ನುವ ಮಾತಿನಲ್ಲಿ. ನಮ್ಮ ಮನೆಯ ಮಜ್ಜಿಗೆ ಅಂದರೆ ಮೊಸರಿಗೆ ಮೂರು ಪಟ್ಟು ನೀರು, ಉಪ್ಪು, ಶುಂಠಿ, ಕರಿಬೇವು. ಬೇಸಿಗೆಗೆ ಅಮೃತ. ಆದರೆ ಬ್ರೆಡ್ಡಿಗೆ ಹಾಕಿದರೆ ಹಿಟ್ಟು ನೀರಾಗುತ್ತದೆ, ಹುಳಿ ಸಾಲುವುದಿಲ್ಲ. ಅಲ್ಲಿ ಅಂಗಡಿಯಲ್ಲಿ ಮಾರುವ ಮಜ್ಜಿಗೆ ದಪ್ಪ, ಹುಳಿ ಬರಿಸಿದ ಹಾಲು ಅದು. ಹೆಚ್ಚು ಕಮ್ಮಿ ನಮ್ಮ ತೆಳು ಮೊಸರಿನ ಹಾಗೆ. ಅದಕ್ಕೇ ಮುಕ್ಕಾಲು ಪಾಲು ಮೊಸರು, ಕಾಲು ಪಾಲು ನೀರು ಹಾಕಿ ಕಡೆದದ್ದು. ಮನೆಯಲ್ಲಿ ಕೆನೆಮೊಸರು ಕಡೆದು ಬೆಣ್ಣೆ ತೆಗೆಯುವವರು ಇದ್ದರೆ, ಬೆಣ್ಣೆ ತೆಗೆದು ಉಳಿದದ್ದಕ್ಕೆ ನೀರು ಬೆರೆಸದೆ ಹಾಗೇ ಬಳಸಿ. ಐರ್ಲೆಂಡಿನ ಅಜ್ಜಿಯರು ಬಳಸಿದ್ದು ಅಂಥದ್ದನ್ನೇ. ಅದರಷ್ಟು ರುಚಿ ಬೇರೆ ಯಾವುದಕ್ಕೂ ಇಲ್ಲ. ನನ್ನ ಮಟ್ಟಿಗೆ ಅಂಗಡಿಯ ಪೊಟ್ಟಣದ ಮೊಸರಿಗಿಂತ ಮನೆಯಲ್ಲಿ ಹೆಪ್ಪು ಹಾಕಿ ಎರಡು ದಿನ ಇಟ್ಟ ಮೊಸರು ಸಾವಿರ ಪಾಲು ಮೇಲು. ಊಟಕ್ಕೆ ಹುಳಿಯಾಯಿತು ಅಂತ ಯಾರೂ ಮುಟ್ಟದ ಮೊಸರು ಇರುತ್ತದಲ್ಲ, ಅದು ಬ್ರೆಡ್ಡಿಗೆ ಸರಿಯಾಗಿ ಹದಕ್ಕೆ ಬಂದ ಮೊಸರು.

ಈಗ ಕೈಯ ಮಾತಿಗೆ ಬರೋಣ. ನಾನು ಮೊದಲ ಸಲ ಸೋಡಾ ಬ್ರೆಡ್ಡು ಮಾಡಿದಾಗ ಹಿಟ್ಟನ್ನು ಹತ್ತು ನಿಮಿಷ ನಾದಿದ್ದೆ. ನಮ್ಮ ಮನೆಯಲ್ಲಿ ಚಪಾತಿ ಹಿಟ್ಟು ಚೆನ್ನಾಗಿ ನಾದಿದಷ್ಟೂ ಮೆತ್ತಗೆ ಅಂತ ಚಿಕ್ಕಂದಿನಿಂದ ಕಲಿಸಿದ್ದರು. ಅದು ನಿಜವೂ ಹೌದು. ಆದ್ದರಿಂದ ಬ್ರೆಡ್ಡಿಗೆ ಇನ್ನೂ ಚೆನ್ನಾಗಿ ನಾದಬೇಕು ಅಂದುಕೊಂಡೆ. ಉಂಡೆ ನುಣ್ಣಗೆ ಹೊಳೆಯುತ್ತಿತ್ತು. ಬೆಂದು ಬಂದದ್ದು ಮಾತ್ರ ಗಟ್ಟಿ, ಬಿಗಿ, ಹಲ್ಲಿಗೆ ಎಳೆಯುವಂಥದ್ದು. ಕತ್ತರಿಸಿದರೆ ಒಳಗೆ ಸುರಂಗದ ಹಾಗೆ ಒಂದೆರಡು ತೂತು, ಉಳಿದದ್ದೆಲ್ಲ ಅಂಟು. ಎರಡನೆಯ ಸಲ ಇನ್ನೂ ಜಾಸ್ತಿ ನಾದಿದೆ. ಇನ್ನೂ ಗಟ್ಟಿಯಾಯಿತು. ಸೋಡಾ ಸರಿ ಇಲ್ಲ ಅಂತ ಡಬ್ಬಿಯನ್ನೇ ಬದಲಿಸಿದೆ. ತಪ್ಪು ಕೈಯಲ್ಲಿದೆ ಅಂತ ತಿಳಿಯಲು ನನಗೆ ನಾಲ್ಕು ಬ್ರೆಡ್ಡು ಬೇಕಾಯಿತು.

ನಾದಿದಾಗ ಆಗುವುದು ಇದು: ಗೋಧಿಯಲ್ಲಿರುವ ಪ್ರೋಟೀನು ನೀರಿನ ಜೊತೆ ಸೇರಿ ಗ್ಲುಟೆನ್ ಆಗುತ್ತದೆ, ಅಂದರೆ ಅಂಟಿನ ಬಲೆ. ನಾದಿದಷ್ಟೂ ಬಲೆ ಬಿಗಿ. ಚಪಾತಿಗೆ ಆ ಬಲೆ ಬೇಕು, ಇಲ್ಲದಿದ್ದರೆ ಲಟ್ಟಿಸುವಾಗ ಹರಿಯುತ್ತದೆ. ಅಲ್ಲದೆ ನಾದಿದ ಮೇಲೆ ಅರ್ಧ ತಾಸು ನೆನೆಯಲು ಬಿಡುತ್ತೇವೆ, ಬಲೆ ಸಡಿಲ ಆಗುತ್ತದೆ. ಸೋಡಾ ಬ್ರೆಡ್ಡಿಗೆ ಆ ಬಿಡುವೇ ಇಲ್ಲ, ನೇರ ಕಾವಿಗೆ ಹೋಗುತ್ತದೆ. ಬಿಗಿದ ಬಲೆ ಬಿಗಿದ ಹಾಗೇ ಬೇಯುತ್ತದೆ. ಸಣ್ಣ ಗುಳ್ಳೆಗಳಿಗೆ ಹಿಗ್ಗಲು ಜಾಗ ಸಿಗುವುದಿಲ್ಲ.

ಚಪಾತಿ ಮಾಡಿ ಪಳಗಿದ ಕೈಗೆ ಇದು ನಿಜವಾಗಿ ಕಷ್ಟ. ಅಡುಗೆ ಬಾರದವರು ಮೊದಲ ಸಲಕ್ಕೇ ಮೆತ್ತಗಿನ ಬ್ರೆಡ್ಡು ಮಾಡಿದ್ದನ್ನು ನೋಡಿದ್ದೇನೆ. ಇಪ್ಪತ್ತು ವರ್ಷ ಅಡುಗೆ ಮಾಡಿದವರು ಎರಡು ಮೂರು ಸಲ ಎಡವುತ್ತಾರೆ. ಕೈ ತಾನಾಗಿ ಮಡಚಿ ಒತ್ತಲು ಹೋಗುತ್ತದೆ. ಅದಕ್ಕೆ ನನಗೆ ಸಿಕ್ಕ ಉಪಾಯ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವುದು. ಒಂದೇ ಕೈಯಲ್ಲಿ ನಾದಲು ಬರುವುದಿಲ್ಲ, ತಿರುಗಿಸಲು ಮಾತ್ರ ಬರುತ್ತದೆ. ಹಿಟ್ಟು ನುಣ್ಣಗೆ ಕಂಡರೆ ಹೆದರಿ. ಉಬ್ಬುತಗ್ಗು, ಅಂಟು ಅಂಟಾಗಿ ಕಂಡರೆ ಸರಿಯಾಗಿದೆ ಅಂತ ಅರ್ಥ. ವಡೆಯ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ತುಂಬ ಸಡಿಲ.

ಇನ್ನು ಸೋಡಾದ ಅಳತೆ. 125 ಗ್ರಾಂ ಹಿಟ್ಟಿಗೆ ಕಾಲು ಟೀ ಚಮಚ ಅನ್ನುವುದು ಒಳ್ಳೆಯ ಲೆಕ್ಕ. ತಲೆ ಸವರಿದ ಚಮಚ, ಗುಡ್ಡೆ ಹಾಕಿದ್ದಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ಉಬ್ಬುತ್ತದೆ ಅನ್ನುವುದು ತಪ್ಪು ಲೆಕ್ಕ. ಮೊಸರಿನ ಹುಳಿ ಎಷ್ಟು ಸೋಡಾವನ್ನು ತಡೆದುಕೊಳ್ಳುತ್ತದೋ ಅಷ್ಟು ಮಾತ್ರ ಕರಗುತ್ತದೆ. ಉಳಿದದ್ದು ಕಾವಿಗೆ ಒಡೆದು ಬೇರೆ ವಸ್ತು ಆಗುತ್ತದೆ, ಸೋಡಿಯಂ ಕಾರ್ಬೊನೇಟ್. ಅಂದರೆ ಬಟ್ಟೆ ಒಗೆಯುವ ಸೋಡಾ! ಬೇಕರಿ ತಿಂಡಿಯಲ್ಲಿ ಒಮ್ಮೊಮ್ಮೆ ಸಾಬೂನಿನ ರುಚಿ, ನಾಲಿಗೆ ಒಗರು ಬರುತ್ತದಲ್ಲ, ಅದು ಇದರದ್ದು. ಸೋಡಾದ ಗಂಟು ಒಡೆಯದೆ ಹಾಕಿದರೂ ಹೀಗೇ. ಬ್ರೆಡ್ಡಿನ ಒಳಗೆ ಅಲ್ಲಲ್ಲಿ ಹಳದಿ ಕಂದು ಚುಕ್ಕೆ, ಅಲ್ಲಿ ಕಚ್ಚಿದರೆ ಕಹಿ. ಅದಕ್ಕೇ ಎರಡು ಸಲ ಜರಡಿ.

ಸೋಡಾ ಜಾಸ್ತಿ ಆಯಿತೇ ಅಂತ ನೋಡಲು ನಮ್ಮ ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಇದೆ. ಆರತಿ ನೀರು ಹೇಗೆ ಮಾಡುತ್ತೇವೆ? ಅರಿಶಿನದ ನೀರಿಗೆ ಚೂರು ಸುಣ್ಣ ಬೆರೆಸಿದರೆ ಕೆಂಪು ಓಕುಳಿ. ಸುಣ್ಣ ಕ್ಷಾರ, ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಢೋಕ್ಲಾ ಮಾಡುವವರಿಗೆ ಇದು ಗೊತ್ತು, ಅರಿಶಿನ ಹಾಕಿದ ಹಿಟ್ಟಿಗೆ ಸೋಡಾ ಜಾಸ್ತಿಯಾದರೆ ಕೆಂಪು ಚುಕ್ಕೆ ಬೀಳುತ್ತದೆ. ಬೆಂದ ಬ್ರೆಡ್ಡಿನ ಒಂದು ಚೂರು ಒಡೆದು, ಮೇಲೆ ಒದ್ದೆ ಅರಿಶಿನ ಸವರಿ ನೋಡಿ. ಹಳದಿ ಹಳದಿಯಾಗೇ ಇದ್ದರೆ ಅಳತೆ ಸರಿ. ಕೆಂಪು ತಿರುಗಿದರೆ ಮುಂದಿನ ಸಲ ಸೋಡಾ ಕಮ್ಮಿ ಮಾಡಿ, ಇಲ್ಲ ಮೊಸರನ್ನು ಇನ್ನೊಂದು ದಿನ ಹುಳಿ ಬರಲು ಬಿಡಿ. ಈ ಪರೀಕ್ಷೆ ನನಗೆ ಬಹಳ ಇಷ್ಟ. ನಮ್ಮ ಅಜ್ಜಿಯರು ಪ್ರತಿ ಹಸೆಯ ಮುಂದೆ ಮಾಡಿದ ರಸಾಯನಶಾಸ್ತ್ರವೇ ಬ್ರೆಡ್ಡಿನ ಕೆಲಸಕ್ಕೂ ಬಂತು ನೋಡಿ.

ಒಂದು ಎಚ್ಚರಿಕೆ. ಕಿರಾಣಿ ಅಂಗಡಿಯಲ್ಲಿ ಸಡಿಲವಾಗಿ ತೂಗಿ ಕೊಡುವಾಗ ತಿನ್ನುವ ಸೋಡಾ ಬೇರೆ, ಒಗೆಯುವ ಸೋಡಾ ಬೇರೆ. ನೋಡಲು ಎರಡೂ ಬಿಳಿ. ಕೇಳುವಾಗ ಅಡುಗೆ ಸೋಡಾ ಅಂತ ಬಿಡಿಸಿ ಹೇಳಿ. ಆದಷ್ಟು ಹೆಸರು, ತಾರೀಕು ಇರುವ ಪೊಟ್ಟಣವನ್ನೇ ತನ್ನಿ.

ಬೇಕಿಂಗ್ ಪೌಡರ್ ಅಂದರೆ ಏನು ಅಂತ ಯಾರೋ ಕೇಳಿದಿರಿ. ಸೋಡಾ ಮತ್ತು ಹುಳಿಯ ಪುಡಿ ಎರಡನ್ನೂ ಒಟ್ಟಿಗೆ ಬೆರೆಸಿ, ಒಣಗಿರಲಿ ಅಂತ ಸ್ವಲ್ಪ ಮೆಕ್ಕೆಜೋಳದ ಪಿಷ್ಟ ಸೇರಿಸಿದ್ದು. ನೀರು ತಾಗುವವರೆಗೆ ಎರಡೂ ಸುಮ್ಮನಿರುತ್ತವೆ. ಇದರ ಹಿಂದೆ ಒಂದು ಮನೆಯ ಕಥೆ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಅಂತ ಒಬ್ಬ ಔಷಧಿ ಅಂಗಡಿಯವರು ಇದ್ದರು. ಅವರ ಹೆಂಡತಿ ಎಲಿಜಬೆತ್‌ಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿಯನ್ನು ಬರ್ಡ್ 1837ರಲ್ಲಿ ಮಾಡಿದರು. 1843ರಲ್ಲಿ ಯೀಸ್ಟ್ ಇಲ್ಲದೆ ಬ್ರೆಡ್ಡು ಉಬ್ಬಿಸುವ ಪುಡಿ ಮಾಡಿದರು. ಮುಂದೆ ಕ್ರಿಮಿಯಾ ಯುದ್ಧದಲ್ಲಿದ್ದ ಬ್ರಿಟಿಷ್ ಸೈನಿಕರ ಬ್ರೆಡ್ಡಿಗೂ ಆ ಪುಡಿ ಹೋಯಿತು. ನಮ್ಮ ಅಡುಗೆಮನೆಯ ಎರಡು ಡಬ್ಬಿಗಳು, ಕಸ್ಟರ್ಡ್ ಪುಡಿ ಮತ್ತು ಬೇಕಿಂಗ್ ಪೌಡರ್, ಎರಡರ ಹಿಂದೆಯೂ ಹೆಂಡತಿಗೆ ತಿನ್ನಲು ಏನಾದರೂ ಸಿಗಲಿ ಅನ್ನುವ ಒಬ್ಬ ಗಂಡನ ಕಾಳಜಿ ಇದೆ.

ಮೊಸರು ಇಲ್ಲದೆ ಬರೀ ಹಾಲಿನಲ್ಲಿ ಮಾಡುವುದಾದರೆ ಬೇಕಿಂಗ್ ಪೌಡರ್ ಬೇಕು. 125 ಗ್ರಾಂ ಹಿಟ್ಟಿಗೆ ಒಂದು ಚಮಚ. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪುಡಿಗಳು ಎರಡು ಸಲ ಕೆಲಸ ಮಾಡುತ್ತವೆ, ನೀರು ತಾಗಿದಾಗ ಸ್ವಲ್ಪ, ಕಾವು ತಾಗಿದಾಗ ಉಳಿದದ್ದು. ಹಾಗಾಗಿ ಸೋಡಾದಷ್ಟು ಆತುರ ಇಲ್ಲ. ಆದರೆ ಹಳೆಯದಾದರೆ ಸತ್ತುಹೋಗುತ್ತದೆ. ಒಮ್ಮೆ ಒಂದು ಅಂಗಡಿಯಿಂದ ತಂದ ಡಬ್ಬಿ ನೋಡಲು ಹೊಸದಾಗಿತ್ತು. ಅದನ್ನು ನಂಬಿ ನೆಂಟರಿಗೆ ಅಂತ ಮಾಡಿದ ಬ್ರೆಡ್ಡು ತಟ್ಟೆಯ ಹಾಗೆ ಚಪ್ಪಟೆಯಾಗಿ ಬಂತು. ಅವತ್ತಿನಿಂದ ಮೊದಲು ಅರ್ಧ ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ನೋಡುತ್ತೇನೆ. ಭರ್ ಅಂತ ನೊರೆ ಎದ್ದರೆ ಬಳಸುತ್ತೇನೆ. ಸೋಡಾವನ್ನು ನೋಡುವುದಾದರೆ ನಿಂಬೆರಸಕ್ಕೆ ಹಾಕಿ ನೋಡಿ. ಈನೋ ಹಾಕಬಹುದೇ ಅಂದರೆ ಹಾಕಬಹುದು. ಅದರಲ್ಲೂ ಸೋಡಾ ಮತ್ತು ನಿಂಬೆಯ ಹುಳಿಯೇ ಇರುವುದು. ಆದರೆ ಅದು ಒಂದೇ ಸಲ ಏಳುತ್ತದೆ, ಬಹಳ ಬೇಗ. ಢೋಕ್ಲಾಕ್ಕೆ, ರವೆ ಇಡ್ಲಿಗೆ ಅದು ಸೈ. ಮುಕ್ಕಾಲು ತಾಸು ಬೇಯುವ ಬ್ರೆಡ್ಡಿಗೆ ನಾನು ಬಳಸುವುದಿಲ್ಲ.

ಹಿಟ್ಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪೂರ್ತಿ ಗೋಧಿ ಹಿಟ್ಟಿನಲ್ಲೂ ಆಗುತ್ತದೆ, ಆದರೆ ಭಾರ ಬರುತ್ತದೆ. ನಮ್ಮ ಗಿರಣಿಯ ಹಿಟ್ಟು ನುಣ್ಣಗೆ ಬೀಸಿರುತ್ತದೆ, ನೀರು ಜಾಸ್ತಿ ಕುಡಿಯುತ್ತದೆ. ಎರಡು ಮೂರು ಚಮಚ ಮೊಸರು ಹೆಚ್ಚಿಗೆ ಬೇಕಾಗುತ್ತದೆ. ರಾಗಿ ಹಾಕುವ ಆಸೆ ಎಲ್ಲರಿಗೂ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಒಂದೇ ರಾಗಿಯಲ್ಲಿ ಮಾಡಿದರೆ ಪುಡಿಪುಡಿ ಉದುರುತ್ತದೆ. ಒಟ್ಟು ಹಿಟ್ಟಿನ ಕಾಲು ಭಾಗ ರಾಗಿ ಇರಲಿ, ಜೊತೆಗೆ ಒಂದು ಚಮಚ ಬೆಲ್ಲದ ಪುಡಿ. ಹುರಿದ ರಾಗಿಯ ಹಾಗೆ ಘಮ ಬರುತ್ತದೆ.

ಓವನ್ ಇಲ್ಲದವರು ಕೈ ಎತ್ತಿ. ಅರ್ಧಕ್ಕರ್ಧ ಜನ ಇದ್ದೀರಿ. ನಿಮಗೇ ಆ ಫಾರ್ಲ್ ಕಥೆ ಹೇಳಿದ್ದು. ದಪ್ಪ ತಳದ ದೋಸೆ ಹೆಂಚು ಸಾಕು. ಇದೇ ಹಿಟ್ಟನ್ನು ಬೆರಳಿನ ದಪ್ಪಕ್ಕೆ ದುಂಡಗೆ ತಟ್ಟಿ, ನಾಲ್ಕು ಭಾಗ ಮಾಡಿ. ಎಣ್ಣೆ ಬೇಡ, ಹೆಂಚಿನ ಮೇಲೆ ಚೂರು ಹಿಟ್ಟು ಉದುರಿಸಿ. ಅದು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಕಾವು ಸರಿ ಇದೆ. ಕೂಡಲೇ ಕಪ್ಪಾದರೆ ಉರಿ ಇಳಿಸಿ. ಒಂದೊಂದು ಬದಿ ಏಳೆಂಟು ನಿಮಿಷ, ಸಣ್ಣ ಉರಿಯಲ್ಲಿ. ಕೊನೆಗೆ ಒಂದೊಂದನ್ನೂ ಅಂಚಿನ ಮೇಲೆ ನಿಲ್ಲಿಸಿ ಬದಿಗಳನ್ನೂ ಒಣಗಿಸಿ. ಅಕ್ಕಿರೊಟ್ಟಿ ಬೇಯಿಸುವ ತಾಳ್ಮೆ ಇದ್ದರೆ ಇದು ಖಂಡಿತ ಬರುತ್ತದೆ. ದಪ್ಪ ಬ್ರೆಡ್ಡೇ ಬೇಕು ಅನ್ನುವವರು ಭಾರದ ಕಬ್ಬಿಣದ ಬಾಣಲೆಯಲ್ಲಿ ಒಂದು ಸ್ಟ್ಯಾಂಡ್ ಇಟ್ಟು, ಬಿಗಿ ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಿಸಿ, ಆಮೇಲೆ ತಟ್ಟೆ ಇಳಿಸಿ. ಮೇಲ್ಭಾಗ ಬೆಳ್ಳಗೇ ಉಳಿಯುತ್ತದೆ. ಬೆಂದ ಮೇಲೆ ಮಗುಚಿ ಹೆಂಚಿನ ಮೇಲೆ ಐದು ನಿಮಿಷ ಇಟ್ಟರೆ ಕೆಂಪಗಾಗುತ್ತದೆ. ಕುಕ್ಕರಿನಲ್ಲಿ ನೀರಿಲ್ಲದೆ ಮಾಡುವುದನ್ನು ತುಂಬ ಜನ ತೋರಿಸುತ್ತಾರೆ. ನಾನು ಹೇಳಿಕೊಡುವುದಿಲ್ಲ. ಅದು ಹಬೆಗೆ ಮಾಡಿದ ಪಾತ್ರೆ, ಒಣ ಕಾವಿಗಲ್ಲ.

ಬಾಳೆಹಣ್ಣಿನ ಬ್ರೆಡ್ಡು ಹೇಳದೆ ಹೋದರೆ ಮಕ್ಕಳು ಬಿಡುವುದಿಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಅಡುಗೆ ಪುಸ್ತಕಗಳಲ್ಲೆಲ್ಲ ಕಾಣಿಸಿಕೊಂಡ ತಿಂಡಿ ಅದು. ಕರಾವಳಿಯವರು ಈಗಾಗಲೇ ತಲೆ ಆಡಿಸುತ್ತಿದ್ದೀರಿ. ಹೌದು, ನಿಮ್ಮ ಮಂಗಳೂರು ಬನ್ಸ್ ಇದರ ಹತ್ತಿರದ ನೆಂಟ. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸೋಡಾ, ಜೀರಿಗೆ. ಬನ್ಸ್ ಹಿಟ್ಟನ್ನು ತಾಸುಗಟ್ಟಲೆ ಬಿಟ್ಟು, ಲಟ್ಟಿಸಿ, ಎಣ್ಣೆಯಲ್ಲಿ ಕರಿಯುತ್ತೀರಿ. ಬ್ರೆಡ್ಡಿಗೆ ಹಿಟ್ಟನ್ನು ತೆಳ್ಳಗೆ ಕಲಸಿ ಅಚ್ಚಿಗೆ ಸುರಿದು ಬೇಯಿಸುತ್ತೇವೆ. ಹೊರಗಿನ ಪಾಕವಿಧಾನದಲ್ಲಿ ಮೂರು ಬಾಳೆಹಣ್ಣು ಅಂದರೆ ನಮ್ಮ ಪಚ್ಚಬಾಳೆಯ ಗಾತ್ರದ್ದು, ಸಿಪ್ಪೆ ತೆಗೆದು ಸುಮಾರು 300 ಗ್ರಾಂ. ಏಲಕ್ಕಿ ಬಾಳೆಯಾದರೆ ಏಳೆಂಟು ಬೇಕು. ಮೂರೇ ಏಲಕ್ಕಿ ಬಾಳೆ ಹಾಕಿ, ಒಣಗಿತು ಅಂತ ಬೇಸರ ಮಾಡಿಕೊಂಡವರು ಎಷ್ಟೋ ಜನ. ಸಿಪ್ಪೆ ಕಪ್ಪಾದ ಹಣ್ಣೇ ಆರಿಸಿ. ಬಾಳೆಹಣ್ಣಿನಲ್ಲಿ ಹುಳಿ ಕಮ್ಮಿ, ಆದ್ದರಿಂದ ಅರ್ಧ ಲೋಟ ಮೊಸರು ಜೊತೆಗಿರಲಿ. 170 ಡಿಗ್ರಿಯಲ್ಲಿ ಐವತ್ತರಿಂದ ಅರವತ್ತು ನಿಮಿಷ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು.

ರಕ್ತದೊತ್ತಡ ಇರುವವರು ತಿನ್ನಬಹುದೇ ಅನ್ನುವ ಪ್ರಶ್ನೆ ಚೀಟಿಯಲ್ಲಿ ಬಂದಿದೆ. ಒಳ್ಳೆಯ ಪ್ರಶ್ನೆ. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ, ಅರ್ಧ ಚಮಚದಲ್ಲಿ ಸುಮಾರು 600 ಮಿಲಿಗ್ರಾಂ. ಇಡೀ ಬ್ರೆಡ್ಡಿನಲ್ಲಿ ಅಷ್ಟು, ಒಂದು ಹೋಳಿನಲ್ಲಿ ಅಲ್ಲ. ಆದರೂ ಉಪ್ಪು ಕಮ್ಮಿ ಮಾಡಲು ವೈದ್ಯರು ಹೇಳಿದ್ದರೆ ಹಿಟ್ಟಿಗೆ ಉಪ್ಪು ಹಾಕುವಾಗ ಅರ್ಧಕ್ಕೆ ಇಳಿಸಿ, ಈ ಲೆಕ್ಕವನ್ನೂ ಅವರಿಗೆ ಹೇಳಿ.

ಎಷ್ಟು ದಿನ ಇಡಬಹುದು? ಅವತ್ತೇ ತಿನ್ನುವುದು ಉತ್ತಮ. ಮಾರನೆಯ ದಿನ ಹೆಂಚಿನ ಮೇಲೆ ತುಪ್ಪ ಸವರಿ ಕಾಯಿಸಿದರೆ ಚೆನ್ನ. ಮೂರನೆಯ ದಿನಕ್ಕೆ ಗಟ್ಟಿಯಾಗುತ್ತದೆ. ಅಷ್ಟು ದಿನ ಇಡಲೇಬೇಕು ಅಂದರೆ ಹೋಳು ಮಾಡಿ ಫ್ರೀಜರಿನಲ್ಲಿಡಿ.

ಹತ್ತು ಐವತ್ತು ಆಯಿತು. ಘಮ ಬರುತ್ತಿದೆ, ಅಲ್ವಾ? ಬಾಗಿಲು ತೆಗೆಯುತ್ತೇನೆ, ಬಿಸಿ ಹಬೆ ಬರುತ್ತದೆ, ಮಕ್ಕಳು ಹಿಂದೆ ಸರಿಯಿರಿ. ನೋಡಿ, ಗೀರು ಅಗಲವಾಗಿ ಬಾಯಿ ಬಿಟ್ಟಿದೆ. ಗೀರಿನೊಳಗೆ ಬಿಳಿ, ಅಂಚುಗಳು ಕಂದು, ಮೇಲೆ ಉದುರಿದ ಹಿಟ್ಟು ಹಾಗೇ ಕೂತಿದೆ. ಬಟ್ಟೆಯಲ್ಲಿ ಹಿಡಿದು ಮಗುಚಿ ಬುಡವನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತೇನೆ. ಎಲ್ಲರೂ ಒಂದು ಕ್ಷಣ ಸುಮ್ಮನಿರಿ.

ಕೇಳಿತಾ? ಟೊಳ್ಳು ಸದ್ದು. ತೆಂಗಿನಕಾಯಿ ಆರಿಸುವಾಗ ತಟ್ಟಿ ನೋಡುತ್ತೇವಲ್ಲ, ಆ ಕಿವಿಯೇ ಇಲ್ಲೂ ಸಾಕು. ಸದ್ದು ಮಂದವಾಗಿದ್ದರೆ ಒಳಗೆ ಇನ್ನೂ ಹಸಿ ಇದೆ ಅಂತ, ಮಗುಚಿಯೇ ಇನ್ನೈದು ನಿಮಿಷ ಇಡಬೇಕಿತ್ತು. ಇದು ಬೆಂದಿದೆ. ಈಗ ಒದ್ದೆ ಬಟ್ಟೆ ಹಿಂಡಿ ಸುತ್ತಿಡುತ್ತೇನೆ, ಮೇಲಿನ ಹೊರಪದರ ಸ್ವಲ್ಪ ಮೆತ್ತಗಾಗುತ್ತದೆ. ಇಪ್ಪತ್ತು ನಿಮಿಷ ಕತ್ತರಿಸಬಾರದು, ಒಳಗಿನ ಹಬೆ ಇನ್ನೂ ಬೇಯಿಸುತ್ತಿರುತ್ತದೆ. ಅಷ್ಟರಲ್ಲಿ ಎರಡನೆಯ ಬ್ರೆಡ್ಡಿಗೆ ಹಿಟ್ಟು ಕಲಸಬೇಕು. ಅದನ್ನು ನಾನು ಮಾಡುವುದಿಲ್ಲ. ಚಪಾತಿ ಚೆನ್ನಾಗಿ ಮಾಡುವವರು ಯಾರಾದರೂ ಒಬ್ಬರು ಮುಂದೆ ಬನ್ನಿ. ಒಂದು ಕೈ ಬೆನ್ನ ಹಿಂದೆ ಇಟ್ಟುಕೊಳ್ಳಿ.